ತಿದ್ದುವ ಕೈ

ನಿವೃತ್ತನಾದ ಮೇಷ್ಟರಿಗೆ ಜೂನ್ ತಿಂಗಳು ಕಷ್ಟದ ತಿಂಗಳು. ಮಿಕ್ಕ ಹನ್ನೊಂದು ತಿಂಗಳು ಹೇಗೋ ಕಳೆದುಹೋಗುತ್ತವೆ. ಜೂನ್ ಬಂದು, ಬೆಳಗ್ಗೆ ಒಂಬತ್ತೂವರೆಗೆ ಹೊಸ ಚೀಲ ಹೊತ್ತ ಮಕ್ಕಳು ಮನೆಯ ಮುಂದೆ ಹಾದುಹೋಗತೊಡಗಿದರೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ನನ್ನ ಈ ಅವಸ್ಥೆಯನ್ನು ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಗಮನಿಸಿರಬೇಕು. ಮೂರು ವರ್ಷಗಳ ಹಿಂದೆ ಒಂದು ದಿನ ಕರೆದು, "ಸಾರ್, ಎಂಟನೇ ತರಗತಿಗೆ ವಾರಕ್ಕೆರಡು ಪಿರಿಯಡ್ ವ್ಯಾಕರಣ, ರಚನೆ ತೆಗೆದುಕೊಳ್ಳುತ್ತೀರಾ? ಸಂಬಳ ಕೊಡುವುದಕ್ಕಾಗುವುದಿಲ್ಲ, ಕಾಫಿ ಕೊಡುತ್ತೇವೆ" ಎಂದರು. ನಾನು ಕಾಫಿಗೂ ಕಾಯದೆ ಒಪ್ಪಿಕೊಂಡೆ.

ವ್ಯಾಕರಣ ಮತ್ತು ರಚನೆ. ಶಾಲೆಯ ವೇಳಾಪಟ್ಟಿಯಲ್ಲಿ ಇವೆರಡೂ ಒಂದೇ ಚೌಕದಲ್ಲಿ ಕೂತಿರುತ್ತವೆ, ಹೊಂದಿಕೆಯಾಗದ ಗಂಡಹೆಂಡಿರ ಹಾಗೆ. ಒಂದು ಹೀಗೆಯೇ ಇರಬೇಕು ಎನ್ನುತ್ತದೆ, ಇನ್ನೊಂದು ನಿನಗೆ ತೋಚಿದ್ದನ್ನು ಹೇಳು ಎನ್ನುತ್ತದೆ. ಮೂವತ್ತನಾಲ್ಕು ವರ್ಷ ಈ ಸಂಸಾರದ ಮಧ್ಯಸ್ಥಿಕೆ ಮಾಡಿದವನು ನಾನು. ಹೆಚ್ಚು ಸಲ ವ್ಯಾಕರಣದ ಪಕ್ಷವನ್ನೇ ವಹಿಸಿದೆ ಎಂದು ಒಪ್ಪಿಕೊಳ್ಳುವುದಕ್ಕೆ ಈಗ ಸಂಕೋಚವಿಲ್ಲ. ಸಂಕೋಚವಿರುವುದು ಬೇರೊಂದು ವಿಷಯದಲ್ಲಿ. ಅದನ್ನು ಹೇಳಬೇಕಾದರೆ 1987ರ ಜೂನ್ ತಿಂಗಳಿಗೆ ಹೋಗಬೇಕು.

ಆಗ ನಾನು ತುಮಕೂರು ಜಿಲ್ಲೆಯ ಬಯಲು ಕಡೆಯ ಒಂದು ಹೈಸ್ಕೂಲಿನಲ್ಲಿದ್ದೆ. ಮೂರು ವರ್ಷದ ಸರ್ವೀಸು, ಮೊದಲ ಹುರುಪು ಇನ್ನೂ ಇಳಿದಿರಲಿಲ್ಲ. ಸುತ್ತಲಿನ ಏಳೆಂಟು ಹಳ್ಳಿಗಳಲ್ಲಿ ಏಳನೇ ಇಯತ್ತೆ ಮುಗಿಸಿದ ಮಕ್ಕಳು ಎಂಟಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. ಅವರ ಕನ್ನಡ ಎಷ್ಟರಮಟ್ಟಿಗಿದೆ ಎಂದು ತಿಳಿಯಲು ಮೊದಲ ವಾರವೇ ಒಂದು ಪ್ರಬಂಧ ಬರೆಸುವುದು ರೂಢಿ. ವಿಷಯವೂ ರೂಢಿಯದೇ: 'ನಾನು ಬೇಸಿಗೆ ರಜೆಯನ್ನು ಕಳೆದ ಬಗೆ.' ನಲವತ್ತೆರಡು ಪುಸ್ತಕಗಳು ಬಂದವು. ಅವುಗಳಲ್ಲಿ ಮೂವತ್ತರಷ್ಟು ಹುಡುಗರು ಅಜ್ಜಿಯ ಮನೆಗೆ ಹೋಗಿ, ತೋಟದಲ್ಲಿ ವಿಹರಿಸಿ, ಕೋಗಿಲೆಯ ಇಂಚರವನ್ನು ಕೇಳಿ ಆನಂದತುಂದಿಲರಾಗಿ ಹಿಂದಿರುಗಿದ್ದರು. ಆ ಸೀಮೆಯಲ್ಲಿ ಆಗ ಮಳೆ ಕೈಕೊಟ್ಟಿತ್ತು. ತೋಟಗಳಿದ್ದ ಅಜ್ಜಿಯಂದಿರೂ ಹೆಚ್ಚಿಗೆ ಇರಲಿಲ್ಲ. ಎಲ್ಲವೂ ಗೈಡಿನ ಕೃಪೆ ಎಂದು ನನಗೂ ಗೊತ್ತಿತ್ತು. ಆದರೂ ಅಕ್ಷರ ದುಂಡಾಗಿತ್ತು, ವಿಭಕ್ತಿಗಳು ಸರಿಯಿದ್ದವು. ಎಂಟು, ಎಂಟೂವರೆ ಕೊಡುತ್ತ ಹೋದೆ.

ಕೊನೆಯ ಬೆಂಚಿನ ಒಬ್ಬ ಹುಡುಗ ನಾಲ್ಕೇ ಸಾಲು ಬರೆದಿದ್ದ. ಅವು ಇವತ್ತಿಗೂ ನನಗೆ ಬಾಯಿಪಾಠವಾಗಿವೆ.

"ರಜದಾಗೆ ನಾನು ಎಲ್ಲಿಗೂ ಓಗಲಿಲ್ಲ. ಉಲ್ಲು ಇಲ್ಲ ಅಂತ ನಮ್ಮಪ್ಪ ಎಮ್ಮೆ ಮಾರಿದ. ಓಗೋವಾಗ ಅದು ತಿರುಗಿ ನೋಡ್ತು. ನಾನು ನೋಡಲಿಲ್ಲ."

ನಾನು ಕೆಂಪು ಪೆನ್ನು ತೆಗೆದುಕೊಂಡೆ. 'ರಜದಾಗೆ' ಹೊಡೆದು 'ರಜೆಯಲ್ಲಿ' ಎಂದು ಬರೆದೆ. 'ಓಗಲಿಲ್ಲ' 'ಹೋಗಲಿಲ್ಲ'ವಾಯಿತು, 'ಉಲ್ಲು' 'ಹುಲ್ಲು' ಆಯಿತು. 'ಎಮ್ಮೆ'ಗೆ ದ್ವಿತೀಯಾ ವಿಭಕ್ತಿ ಹಚ್ಚಿ 'ಎಮ್ಮೆಯನ್ನು' ಮಾಡಿದೆ. 'ಮಾರಿದ' ಎಂಬುದನ್ನು ಹೊಡೆದು 'ಮಾರಿದರು' ಎಂದು ತಿದ್ದಿ, ತಂದೆಯನ್ನು ಏಕವಚನದಲ್ಲಿ ಸಂಬೋಧಿಸಬಾರದು ಎಂದು ಅಂಚಿನಲ್ಲಿ ಬುದ್ಧಿವಾದ ಬರೆದೆ. 'ಓಗೋವಾಗ' 'ಹೋಗುವಾಗ', 'ನೋಡ್ತು' 'ನೋಡಿತು'. ನಾಲ್ಕು ಸಾಲಿಗೆ ಏಳು ತಪ್ಪು. ಕೆಳಗೆ 'ವಿವರಿಸಿ ಬರೆ' ಎಂದು ಗೀಚಿ ಹತ್ತಕ್ಕೆ ಮೂರು ಕೊಟ್ಟೆ. ಕೊನೆಯ ವಾಕ್ಯದಲ್ಲಿ ಮಾತ್ರ ತಪ್ಪಿರಲಿಲ್ಲ. ತಪ್ಪಿಲ್ಲದ್ದರಿಂದ ಅದನ್ನು ನಾನು ಓದಲೇ ಇಲ್ಲ ಎಂದು ಈಗ ಅನ್ನಿಸುತ್ತದೆ.

ಒಂದು ತಿಂಗಳ ಮೇಲೆ ಎರಡನೆಯ ಪ್ರಬಂಧ. 'ನಾನು ನೋಡಿದ ಒಂದು ಪ್ರೇಕ್ಷಣೀಯ ಸ್ಥಳ.' ಅದೇ ಹುಡುಗ ಒಂದೂವರೆ ಪುಟ ಮೈಸೂರು ಅರಮನೆಯ ಬಗ್ಗೆ ಬರೆದಿದ್ದ. ದೀಪಾಲಂಕಾರದಿಂದ ಕಂಗೊಳಿಸುವ ಭವ್ಯ ಸೌಧವನ್ನು ಕಂಡು ಅವನ ಮನಸ್ಸು ಪುಳಕಗೊಂಡಿತ್ತು. 'ಹ'ಕಾರಗಳೆಲ್ಲ ಸ್ವಸ್ಥಾನದಲ್ಲಿದ್ದವು. ನನಗೆ ಬಹಳ ಸಂತೋಷವಾಯಿತು. ಎಂಟು ಅಂಕ ಕೊಟ್ಟು, ಅವನನ್ನು ನಿಲ್ಲಿಸಿ, ಪ್ರಯತ್ನಪಟ್ಟರೆ ಯಾರು ಬೇಕಾದರೂ ಒಳ್ಳೆಯ ಕನ್ನಡ ಬರೆಯಬಹುದು ಎಂಬುದಕ್ಕೆ ಇವನೇ ಸಾಕ್ಷಿ ಎಂದು ತರಗತಿಗೆ ಹೇಳಿದೆ.

ಡಿಸೆಂಬರಿನಲ್ಲಿ ಶಾಲೆಯಿಂದ ಮೈಸೂರಿಗೆ ಪ್ರವಾಸ ಹೊರಟೆವು. ಹೆಸರು ಕೊಟ್ಟವರ ಪಟ್ಟಿಯಲ್ಲಿ ಅವನಿರಲಿಲ್ಲ. ದುಡ್ಡಿನ ತೊಂದರೆ ಇರಬೇಕೆಂದು ಗೊತ್ತಾಗಿ, ಅವನಿಗೆ ಮುಜುಗರವಾಗದಿರಲಿ ಎಂದು, "ನೀನು ಹೇಗೂ ಅರಮನೆ ನೋಡಿದ್ದೀಯಲ್ಲ, ಬಿಡು" ಎಂದೆ.

"ಇಲ್ಲ ಸಾ," ಎಂದ. "ಅದು ಗೈಡ್ನಾಗೆ ಇತ್ತು."

"ಹಾಗಾದರೆ ಮೊದಲು ಬರೆದಿದ್ದೆಯಲ್ಲ, ಎಮ್ಮೆ ಮಾರಿದ್ದು?"

"ಅದು ನಿಜ ಸಾ. ಅದಕ್ಕೆ ಮೂರು ಕೊಟ್ರಲ್ಲ."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ವ್ಯಾಪಾರದ ಲೆಕ್ಕ ಹೇಳುವ ಹಾಗೆ ಹೇಳಿದ. ಅವನು ಕಂಡುಕೊಂಡ ಲೆಕ್ಕ ಸರಿಯಾಗಿಯೇ ಇತ್ತು. ನಿಜಕ್ಕೆ ಮೂರು, ಸುಳ್ಳಿಗೆ ಎಂಟು. ವ್ಯಾಕರಣ ಕಲಿಸುತ್ತಿದ್ದೇನೆಂದು ನಾನು ತಿಳಿದಿದ್ದೆ. ಅವನು ನನ್ನಿಂದ ಕಲಿತದ್ದು ಬೇರೆ ಪಾಠವನ್ನು. ನಿನ್ನದೆಂಬುದು ಏನಿದೆಯೋ ಅದನ್ನು ಮನೆಯಲ್ಲಿ ಬಿಟ್ಟು ಬಾ, ಇಲ್ಲಿ ಬೇರೆಯವರ ಮಾತನ್ನು ಬೇರೆಯವರ ಹಾಗೆ ಆಡು ಎಂಬ ಪಾಠ. ಅದನ್ನು ಆರೇ ತಿಂಗಳಲ್ಲಿ ಕಲಿತುಬಿಟ್ಟಿದ್ದ. ಬುದ್ಧಿವಂತ ಹುಡುಗ.

ಕನ್ನಡದಲ್ಲಿ 'ತಪ್ಪು' ಎಂಬ ಒಂದೇ ಮಾತು ಎರಡು ಕಡೆ ದುಡಿಯುತ್ತದೆ. ಕಳ್ಳತನ ಮಾಡಿದರೂ ತಪ್ಪು, 'ಹ'ಕಾರ ಬಿಟ್ಟರೂ ತಪ್ಪು. ಹದಿಮೂರು ವರ್ಷದ ಮಗುವಿಗೆ ಇವೆರಡರ ನಡುವಿನ ವ್ಯತ್ಯಾಸ ಹೇಳಿಕೊಡುವವರು ಯಾರು? 'ಶುದ್ಧ', 'ಅಶುದ್ಧ' ಎಂಬ ಮಾತುಗಳ ಕಥೆಯೂ ಅಷ್ಟೆ. ಕೆಳಗಿನ ಪದಗಳ ಶುದ್ಧರೂಪ ಬರೆಯಿರಿ ಎಂದು ನಾವು ಪ್ರಶ್ನೆಪತ್ರಿಕೆಯಲ್ಲಿ ಕೇಳುತ್ತಿದ್ದೆವು. ಕೆಳಗಿನ ಪದಗಳೆಂದರೆ ಅರ್ಧದಷ್ಟು ಮಕ್ಕಳ ಮನೆಯ ಪದಗಳು. ಶುದ್ಧ ಅಶುದ್ಧಗಳ ಲೆಕ್ಕದಲ್ಲಿ ತಲೆತಲಾಂತರದಿಂದ ಹೊರಗೆ ನಿಂತವರ ಮಕ್ಕಳು ಮೊದಲ ಬಾರಿಗೆ ಶಾಲೆಯೊಳಗೆ ಬಂದು ಕೂತಾಗ ಅಲ್ಲಿಯೂ ಅದೇ ಮಾತು ಕಿವಿಗೆ ಬಿದ್ದರೆ ಏನನ್ನಿಸಬೇಡ? ಈ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ಹೊಳೆಯಬೇಕಾಗಿತ್ತು, ಯಾಕೆಂದರೆ ನಾನೂ ಹಾಗೆ ಬಂದು ಕೂತವನೇ.

ನಮ್ಮ ಮನೆಯಲ್ಲಿ ಹಾಲು ಇರಲಿಲ್ಲ, ಆಲು ಇತ್ತು. ಹಳ್ಳಿ ಇರಲಿಲ್ಲ, ಅಳ್ಳಿ ಇತ್ತು. ಹೈಸ್ಕೂಲಿಗೆಂದು ಪೇಟೆಗೆ ಹೋದಾಗ, ಪಾಠ ಗಟ್ಟಿಯಾಗಿ ಓದೆಂದು ನಿಲ್ಲಿಸಿದ ದಿನ ಇಡೀ ತರಗತಿ ನಕ್ಕಿತು. ಮೇಷ್ಟರೂ ನಕ್ಕರು. ಆ ರಾತ್ರಿ ಕಂಬಳಿಯೊಳಗೆ ಮುಖ ಹುದುಗಿಸಿಕೊಂಡು ಹಾ, ಹಿ, ಹು, ಹೂ ಎಂದು ಉಸಿರು ಬಿಟ್ಟು ಅಭ್ಯಾಸ ಮಾಡಿದೆ. ಒಂದು ವರ್ಷದಲ್ಲಿ ನನ್ನ ನಾಲಗೆ ಎಷ್ಟು ಪಳಗಿತೆಂದರೆ ರಜೆಗೆ ಊರಿಗೆ ಬಂದವನು ಅವ್ವನನ್ನೇ ತಿದ್ದತೊಡಗಿದೆ. "ಆಲು ಕಾಸಿಟ್ಟಿದೀನಿ, ಕುಡಿ ಮಗ" ಎಂದರೆ, "ಆಲು ಅಲ್ಲವ್ವ, ಹಾಲು" ಎನ್ನುತ್ತಿದ್ದೆ. ಮೊದಮೊದಲು ಅವ್ವ ನಕ್ಕಳು. ಮಗ ಓದಿದವನಾದ ಎಂಬ ಹೆಮ್ಮೆಯೂ ಇದ್ದಿರಬೇಕು. ಆಮೇಲೆ ಒಂದು ಸಲ ನನ್ನ ಪೇಟೆಯ ಗೆಳೆಯನೊಬ್ಬ ಮನೆಗೆ ಬಂದಾಗ ಅವ್ವ ಒಂದು ಮಾತೂ ಆಡಲಿಲ್ಲ. ಲೋಟವನ್ನು ಮುಂದಿಟ್ಟು, ಕುಡಿ ಎಂದು ಕೈಸನ್ನೆ ಮಾಡಿ ಒಳಗೆ ಹೋದಳು. ಗೆಳೆಯ, "ನಿಮ್ಮಮ್ಮನಿಗೆ ಮಾತು ಬರುವುದಿಲ್ಲವಾ?" ಎಂದು ಮೆಲ್ಲಗೆ ಕೇಳಿದ.

ನಾಟಿ ಹಾಕುವಾಗ, ಕಳೆ ಕೀಳುವಾಗ ಹತ್ತಾರು ಹೆಂಗಸರನ್ನು ಮಾತಿನಲ್ಲೇ ನಗಿಸಿ ಸುಸ್ತು ಮಾಡುತ್ತಿದ್ದವಳು ನಮ್ಮವ್ವ. ಅವಳಿಗೆ ಮಾತು ಬರದ ಹಾಗೆ ಮಾಡಿದವನು ನಾನು. ತಿದ್ದಿಸಿಕೊಂಡವನು ತಿದ್ದುವುದಕ್ಕೆ ಹೊರಟರೆ ಬೇರೆಯವರಿಗಿಂತ ಹೆಚ್ಚು ನಿರ್ದಯಿಯಾಗುತ್ತಾನೆ. ಹುಡುಗನ ನಾಲ್ಕು ಸಾಲಿನಲ್ಲಿ ನಾನು ಕೆಂಪು ಶಾಯಿಯಿಂದ ಹೊಡೆದು ಹಾಕಿದ್ದು ಅವನ ಮಾತನ್ನಷ್ಟೇ ಅಲ್ಲ. ಕಂಬಳಿಯೊಳಗೆ ಹಾ ಹೂ ಎಂದ ಇನ್ನೊಬ್ಬ ಹುಡುಗನನ್ನು ಯಾರಿಗೂ ಕಾಣದ ಹಾಗೆ ಮುಚ್ಚುತ್ತಿದ್ದೆ.

ಇನ್ನು 'ಹ'ಕಾರದ ವಿಷಯಕ್ಕೆ ಬರೋಣ. ಎಂ.ಎ. ಓದುವಾಗ ಹಳಗನ್ನಡದ ಧ್ವನಿ ವ್ಯತ್ಯಾಸಗಳನ್ನು ಪರೀಕ್ಷೆಗೆಂದು ಉರುಹೊಡೆದಿದ್ದೆ. ಆ ಪಾಠವೇ ನನ್ನ ಮೇಲೆ ತಿರುಗಿಬಿತ್ತು. ಪಂಪ ಹತ್ತನೆಯ ಶತಮಾನದವನು. ಅವನ ಕನ್ನಡದಲ್ಲಿ ಹಾಲು ಇಲ್ಲ, 'ಪಾಲ್' ಇದೆ. ಹಳ್ಳಿ 'ಪಳ್ಳಿ', ಹುಲ್ಲು 'ಪುಲ್', ಹೋಗು 'ಪೋಗು'. ಆಮೇಲಿನ ಎರಡು ಮೂರು ಶತಮಾನಗಳಲ್ಲಿ ಜನರ ಬಾಯಲ್ಲಿ ಈ 'ಪ'ಕಾರ ಸಡಿಲವಾಗಿ 'ಹ'ಕಾರವಾಯಿತು. ಹನ್ನೊಂದನೆಯ ಶತಮಾನದ ಯಾವುದೋ ಊರಿನಲ್ಲಿ ನನ್ನಂಥ ಮೇಷ್ಟರೊಬ್ಬ ಇದ್ದು, ಅವನ ಕೈಯಲ್ಲೂ ಕೆಂಪು ಪೆನ್ನಿದ್ದಿದ್ದರೆ, 'ಹಾಲು' ಎಂದ ಹುಡುಗನಿಗೆ ಖಂಡಿತ ಮೂರು ಅಂಕ ಬೀಳುತ್ತಿತ್ತು. ಆ ಹುಡುಗನ ತಪ್ಪನ್ನು ನಾನು ಶುದ್ಧವೆಂದು ಕಲಿಸುತ್ತಿದ್ದೇನೆ. 'ಪ' ಹೋಗಿ 'ಹ' ಬಂದದ್ದು ಆದೇಶ, 'ಹ'ವೂ ಹೋದರೆ ಲೋಪ. ವ್ಯಾಕರಣದ ಮಾತಿನಲ್ಲಿ ಹೇಳಿದರೆ ಒಂದು ಇನ್ನೊಂದಕ್ಕಿಂತ ಪಾಪವೇನಲ್ಲ. ಎಮ್ಮೆಯ ಹುಡುಗ ಬಾಯಿಗೆ ಬಂದ ಹಾಗೆ 'ಹ'ಕಾರ ಬಿಡುತ್ತಿರಲಿಲ್ಲ. ಮಾತಿನ ಮೊದಲಿಗೆ ಬಂದಾಗಲೆಲ್ಲ, ಎಲ್ಲ ಕಡೆಯೂ ಒಂದೇ ಸಮನಾಗಿ ಬಿಡುತ್ತಿದ್ದ. ಅದೂ ಒಂದು ನಿಯಮವೇ, ಪುಸ್ತಕದಲ್ಲಿ ಅಚ್ಚಾಗದ ನಿಯಮ.

ಕೇಶಿರಾಜನನ್ನು ನಾವು ವ್ಯಾಕರಣದ ಕಟ್ಟುನಿಟ್ಟಿಗೆ ಹೆಸರಾದವನೆಂದು ನೆನೆಯುತ್ತೇವೆ. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದವನು, ಜನ್ನ ಕವಿಯ ಸೋದರಳಿಯ. ಅವನು 'ಳ' ಮತ್ತು 'ೞ' ಎಂಬ ಎರಡು ಅಕ್ಷರಗಳ ಭೇದವನ್ನು ಬಹಳ ಶ್ರದ್ಧೆಯಿಂದ ವಿವರಿಸಿ, ಯಾವ ಯಾವ ಪದದಲ್ಲಿ 'ೞ' ಬರಬೇಕೆಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಪಟ್ಟಿ ಕೊಡಬೇಕಾದ ಅಗತ್ಯ ಯಾವಾಗ ಬರುತ್ತದೆ? ಜನ ಅದನ್ನು ಬಿಟ್ಟುಬಿಡತೊಡಗಿದಾಗ. ಅಷ್ಟು ಕಷ್ಟಪಟ್ಟು ಅವನು ಕಾಪಾಡಲು ನೋಡಿದ ಅಕ್ಷರ ನಮ್ಮ ಇವತ್ತಿನ ವರ್ಣಮಾಲೆಯಲ್ಲಿ ಇಲ್ಲ. ಅದಿಲ್ಲವೆಂದು ಕನ್ನಡ ಕೆಟ್ಟೂ ಹೋಗಲಿಲ್ಲ. ಅವನಿಗಿಂತ ನಾಲ್ಕು ಶತಮಾನ ಹಿಂದಿನ 'ಕವಿರಾಜಮಾರ್ಗ' ಇದನ್ನು ಇನ್ನೂ ಉದಾರವಾಗಿ ನೋಡಿತ್ತು. ಕನ್ನಡದಲ್ಲಿ ದೇಸಿ ಬೇರೆ ಬೇರೆ, ಇವುಗಳ ದೋಷವನ್ನು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತು ಎಂಬರ್ಥದ ಮಾತು ಅಲ್ಲಿದೆ. ವಾಸುಕಿಗೆ ಬಂದ ಬೇಸರ ನನಗೆ ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅದೇ ಗ್ರಂಥ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ನಾಡೇ ಕನ್ನಡದ ತಿರುಳು ಎಂದೂ ಹೇಳುತ್ತದೆ. ಅಂದರೆ ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ಆ ಗೆರೆಯ ಪ್ರಕಾರ ನಮ್ಮ ತುಮಕೂರು ಸೀಮೆಯ ಮೇಷ್ಟರು, ಹುಡುಗ, ಎಮ್ಮೆ ಎಲ್ಲರೂ ತಿರುಳಿನ ಹೊರಗಿನವರೇ!

ಇಷ್ಟೆಲ್ಲ ಹೊಳೆದ ಮೇಲೆ ನಾನು ಹೊಸದಾಗಿ ಮತ ಬದಲಾಯಿಸಿದವರ ಹಾಗೆ ವರ್ತಿಸಿದೆ. ತಿದ್ದುವುದನ್ನೇ ಬಿಟ್ಟೆ. ಮಕ್ಕಳು ಹೇಗೆ ಬರೆದರೆ ಹಾಗೆ. ಹೃದಯದಿಂದ ಬಂದದ್ದಕ್ಕೆ ಕಾಗುಣಿತದ ಹಂಗೇಕೆ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದೆ. ಮಕ್ಕಳು ಸಂತೋಷವಾಗಿದ್ದರು, ನಾನೂ ಸಂತೋಷವಾಗಿದ್ದೆ. ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯ ಬಂದಿತ್ತು. ಈ ಸುಖ ನಾಲ್ಕು ವರ್ಷ ನಡೆಯಿತು.

1992ರಲ್ಲಿ ಒಂದು ಮಧ್ಯಾಹ್ನ ಹತ್ತನೇ ತರಗತಿಯ ಒಬ್ಬ ಹುಡುಗಿಯ ತಾಯಿ ಶಾಲೆಗೆ ಬಂದರು. ಗಂಡ ತೀರಿಹೋಗಿ ಒಂದು ವರ್ಷವಾಗಿತ್ತು. ವಿಧವಾ ವೇತನಕ್ಕೆ ಅರ್ಜಿ ಕೊಡಬೇಕಾಗಿತ್ತು. ಮನೆಯಲ್ಲಿ ಓದುಬರಹ ಬಲ್ಲವಳು ಮಗಳೊಬ್ಬಳೇ, ಅವಳೇ ಬರೆದುಕೊಟ್ಟಿದ್ದಳು. ತಾಯಿ ಅದನ್ನು ಒಂದು ಕಚೇರಿಗೆ ಒಯ್ದರು. ಅಲ್ಲಿನ ಗುಮಾಸ್ತರು ಅರ್ಜಿಯನ್ನು ಗಟ್ಟಿಯಾಗಿ ಓದಿ, ಪಕ್ಕದ ಮೇಜಿನವರಿಗೂ ಕೇಳಿಸಿ, ನಕ್ಕು, ಸರಿಯಾಗಿ ಬರೆಸಿಕೊಂಡು ಬಾ ಎಂದು ಹಿಂದಕ್ಕೆ ಕೊಟ್ಟಿದ್ದರು. ಆ ಹಾಳೆಯನ್ನು ಆಕೆ ನನ್ನ ಮುಂದೆ ಹಿಡಿದರು. ಹುಡುಗಿಯ ಅಕ್ಷರ ನನಗೆ ಪರಿಚಯದ್ದೇ. ಎಂಟನೇ ತರಗತಿಯಿಂದ ನಾನೇ ಅವಳಿಗೆ ಕನ್ನಡದ ಮೇಷ್ಟರು.

ಗುಮಾಸ್ತರ ಅಮಾನವೀಯತೆಯ ಬಗ್ಗೆ ನಾನು ಏನೋ ಹೇಳಹೊರಟೆ. ಆಕೆ ತಡೆದರು.

"ಅವರ ಸುದ್ದಿ ಬಿಡಿ ಸಾಮಿ. ನಮ್ಮ ಮಾತು ನಮ್ಮನೇಲೇ ಐತೆ. ಅದನ್ನ ಕಲಿಯಾಕೆ ಮಗೀನ ಮೂರು ಮೈಲಿ ನಡೆಸಿ ಕಳಿಸ್ಬೇಕಾ? ಅವಳಿಗೆ ನಿಮ್ಮ ಮಾತು ಕಲಿಸಿಕೊಡಿ. ನೀವು ಕಲಿತ್ಕಂಡ್ರಲ್ಲ, ಅಂಗೆ. ಅದಿಲ್ದಿದ್ರೆ ಅವಳೂ ನನ್ನಂಗೇ ಬಾಗ್ಲಾಗೆ ನಿಂತಿರ್ತಾಳೆ."

ನೀವು ಕಲಿತುಕೊಂಡಿರಲ್ಲ, ಹಾಗೆ. ನನಗೆ ಉತ್ತರ ಹೊಳೆಯಲಿಲ್ಲ. ನನ್ನ ನಾಲಗೆ ಪಳಗಿತ್ತು, ಸಂಬಳ ಬರುತ್ತಿತ್ತು, ಕಚೇರಿಗೆ ಹೋದರೆ ಕುರ್ಚಿ ಹಾಕುತ್ತಿದ್ದರು. ಏಣಿ ಹತ್ತಿ ಮೇಲೆ ನಿಂತವನು, ಕೆಳಗಿರುವವರಿಗೆ ಏಣಿಯ ಅಗತ್ಯವಿಲ್ಲ, ನೀವಿರುವ ನೆಲವೇ ಚೆನ್ನ ಎಂದ ಹಾಗಾಗಿತ್ತು ನನ್ನ ಔದಾರ್ಯ. ಹೋದವನಿಗೆ ನೆಲದ ಚೆಲುವನ್ನು ಹೊಗಳುವುದು ಸುಲಭ. ನನ್ನ ದಯೆಯ ಖರ್ಚನ್ನು ಆ ತಾಯಿ ಮಗಳು ಕಚೇರಿಯ ಬಾಗಿಲಿನಲ್ಲಿ ತೆತ್ತಿದ್ದರು. ಹುಡುಗನಿಗೆ ತಿದ್ದಿ ಅನ್ಯಾಯ ಮಾಡಿದ್ದೆ, ಹುಡುಗಿಗೆ ತಿದ್ದದೆ ಅನ್ಯಾಯ ಮಾಡಿದೆ. ಅವತ್ತು ಸಂಜೆ ಅರ್ಜಿಯನ್ನು ನಾನೇ ಬರೆದುಕೊಡಬಹುದಾಗಿತ್ತು. ಹಾಗೆ ಮಾಡದೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಸಾಲನ್ನೂ ಅವಳ ಕೈಯಲ್ಲೇ ಮತ್ತೆ ಬರೆಸಿದೆ. ದೀಪ ಹಚ್ಚುವ ಹೊತ್ತಾಯಿತು. ಅವಳ ಕೈಯಲ್ಲಿ ಆ ಹಾಳೆ ತಯಾರಾಗುವುದನ್ನು ತಾಯಿ ಬಾಗಿಲಿಗೆ ಒರಗಿ ನೋಡುತ್ತ ನಿಂತಿದ್ದರು.

ಹಾಗಾದರೆ ತಿದ್ದಬೇಕೋ ಬಾರದೋ? ಈ ಪ್ರಶ್ನೆಯನ್ನು ನಾನು ಬಹಳ ವರ್ಷ ಹೀಗೆಯೇ ಕೇಳಿಕೊಳ್ಳುತ್ತಿದ್ದೆ. ಪ್ರಶ್ನೆ ಕೇಳಿದ ರೀತಿಯಲ್ಲೇ ಎಡವಟ್ಟಿದೆ ಎಂದು ತಿಳಿದದ್ದು ಪುಸ್ತಕಗಳಿಂದಲ್ಲ, 'ತಿದ್ದು' ಎಂಬ ಮಾತಿನಿಂದಲೇ.

ನಮ್ಮ ಕಾಲದಲ್ಲಿ ಅಕ್ಷರಾಭ್ಯಾಸವೆಂದರೆ ತಿದ್ದುವುದು. ಮೇಷ್ಟರು ಸ್ಲೇಟಿನ ಮೇಲೆ ದೊಡ್ಡದಾಗಿ 'ಅ' ಬರೆದುಕೊಡುತ್ತಿದ್ದರು. ನಾವು ಅದರ ಮೇಲೆಯೇ ಬಳಪ ಆಡಿಸಬೇಕು, ಗೆರೆ ದಪ್ಪವಾಗುವವರೆಗೆ. ಅದಕ್ಕೆ 'ಅಕ್ಷರ ತಿದ್ದುವುದು' ಎಂದೇ ಹೆಸರು. ಮಗು ತಿದ್ದಿದರೆ ಬೇರೆಯವರ ಗೆರೆಯ ಮೇಲೆ ತನ್ನ ಕೈ ಆಡಿಸುತ್ತದೆ, ಆ ಗೆರೆ ಎಲ್ಲಿ ಹೊರಟು ಎಲ್ಲಿ ಬಾಗಿ ಎಲ್ಲಿ ನಿಂತಿತು ಎಂಬುದನ್ನು ಬೆರಳಿನಿಂದ ತಿಳಿಯುತ್ತದೆ. ಮೇಷ್ಟರು ತಿದ್ದಿದರೆ ಗೆರೆಯನ್ನು ಹೊಡೆದು ಹಾಕುತ್ತಾರೆ. ಒಂದೇ ಮಾತು, ಎಷ್ಟು ಬೇರೆಯ ಕೆಲಸ! ನನಗನ್ನಿಸಿದ್ದು ಇಷ್ಟೆ: ಎರಡನೆಯ ತಿದ್ದುವಿಕೆಯ ಹಕ್ಕು ಮೊದಲನೆಯದನ್ನು ಮಾಡಿದವರಿಗೆ ಮಾತ್ರ ಇದೆ. ಮಗುವಿನ ಸಾಲನ್ನು ತಿದ್ದುವ ಮುಂಚೆ ನಾನು ಆ ಸಾಲಿನ ಮೇಲೆ ನನ್ನ ಬೆರಳನ್ನು ಆಡಿಸಿರಬೇಕು. ಅದು ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು ಎಂದು ತಿಳಿದಿರಬೇಕು. ಎಮ್ಮೆ ತಿರುಗಿ ನೋಡಿದ್ದನ್ನು ನಾನೂ ಒಂದು ಗಳಿಗೆ ನಿಂತು ನೋಡಿದ್ದಿದ್ದರೆ, ಆಮೇಲೆ 'ನೋಡ್ತು' ಎಂಬುದನ್ನು ಬರಹದಲ್ಲಿ 'ನೋಡಿತು' ಎಂದು ಬರೆಯುವುದು ರೂಢಿ ಕಣಪ್ಪ ಎಂದು ಹೇಳಿದರೆ ಅವನಿಗೆ ನೋವಾಗುತ್ತಿರಲಿಲ್ಲ. ಗೈಡಿನ ಮೊರೆಯನ್ನೂ ಅವನು ಹೋಗುತ್ತಿರಲಿಲ್ಲವೇನೋ.

ಹೀಗೆ ತಿದ್ದತೊಡಗಿದರೆ ಇನ್ನೊಂದು ಉಪಕಾರವೂ ಆಗುತ್ತದೆ. ಯಾವುದು ತಪ್ಪು, ಯಾವುದು ಬರೀ ಬೇರೆ ಎಂಬುದು ಕಾಣತೊಡಗುತ್ತದೆ. 'ಹುಲ್ಲು' ಎಂದು ಬರೆಯುವುದು ಎಲ್ಲ ಸೀಮೆಯವರೂ ಒಬ್ಬರನ್ನೊಬ್ಬರು ಓದಿಕೊಳ್ಳಲು ಮಾಡಿಕೊಂಡ ಒಪ್ಪಂದ. ಧಾರವಾಡದವರೂ ಮಂಗಳೂರಿನವರೂ ಮಂಡ್ಯದವರೂ ಮನೆಯಲ್ಲಿ ಹೇಗಾದರೂ ಆಡಲಿ, ಹಾಳೆಯ ಮೇಲೆ ಸೇರುವ ಒಂದು ಸಂತೆ ಬೇಕಲ್ಲ. ಅದನ್ನು ಕಲಿಸಲೇಬೇಕು. ಆದರೆ 'ನಮ್ಮಪ್ಪ ಮಾರಿದ' ಎಂಬುದನ್ನು 'ಮಾರಿದರು' ಎಂದು ಮಾಡಿದೆನಲ್ಲ, ಅದು ಯಾವ ಒಪ್ಪಂದ? ಆ ಮನೆಯಲ್ಲಿ ಅಪ್ಪನನ್ನು ಏಕವಚನದಲ್ಲಿ ಕರೆಯುವುದು ಸಲಿಗೆಯೇ ಹೊರತು ಅಗೌರವವಲ್ಲ. ನಾನು ಸೇರಿಸಿದ ಒಂದು 'ರು' ಅಪ್ಪನನ್ನು ಮಗನಿಂದ ದೂರ ಒಯ್ದು ಜಗಲಿಯ ಮೇಲೆ ಕೂರಿಸಿತು. ವ್ಯಾಕರಣದ ಹೆಸರಿನಲ್ಲಿ ನಾನು ಕಲಿಸಿದ್ದು ಬೇರೊಂದು ಮನೆಯ ಶಿಷ್ಟಾಚಾರವನ್ನು. 'ಓಗಲಿಲ್ಲ'ವನ್ನು ತಿದ್ದಿದ್ದಕ್ಕೆ ನಾನು ಈಗ ಅಷ್ಟು ಪಶ್ಚಾತ್ತಾಪಪಡುವುದಿಲ್ಲ. 'ಮಾರಿದ' ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಹೀಗೆಂದು ವ್ಯಾಕರಣವನ್ನು ದೂರುವವನಲ್ಲ ನಾನು. ಪ್ರತಿ ಜೂನ್‌ನಲ್ಲೂ ನನ್ನ ಮೊದಲ ಪಾಠ ಆದೇಶ ಸಂಧಿಯೇ. ಹೊರಗೆ ಮೋಡವಿರುತ್ತದೆ, ಉದಾಹರಣೆಯೂ ಸಿದ್ಧವಾಗಿರುತ್ತದೆ. ಮಳೆ ಮತ್ತು ಕಾಲ ಸೇರಿದರೆ ಏನು ಎಂದು ಕೇಳುತ್ತೇನೆ. 'ಮಳೆಗಾಲ' ಎಂದು ನಲವತ್ತು ಬಾಯಿ ಒಟ್ಟಿಗೆ ಕೂಗುತ್ತವೆ. 'ಕ' ಎಲ್ಲಿ ಹೋಯಿತು, 'ಗ' ಎಲ್ಲಿಂದ ಬಂತು, ಇದನ್ನು ನಿಮಗೆ ಯಾರು ಹೇಳಿಕೊಟ್ಟರು ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಯಾರೂ ಹೇಳಿಕೊಟ್ಟಿಲ್ಲ. ಅವ್ವನ ಸೊಂಟದ ಮೇಲೆ ಕೂತಾಗಲೇ ಬಂದದ್ದು. ನಿಮ್ಮಲ್ಲಿ ಆಗಲೇ ಇರುವುದಕ್ಕೆ ಹೆಸರಿಡುವುದೇ ವ್ಯಾಕರಣ, ಇನ್ನೇನಲ್ಲ ಎನ್ನುತ್ತೇನೆ. ಕೊನೆಯ ಬೆಂಚಿನವರು ಆಗ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ರಚನೆಗೆ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ನೋಟ್ ಪುಸ್ತಕದ ಎಡಪುಟ ನಿಮ್ಮದು, ಬಲಪುಟ ಎಲ್ಲರದು. ಎಡಗಡೆ ಮನೆಯಲ್ಲಿ ಹೇಳಿದ ಹಾಗೆ ಬರೆಯಿರಿ, ಅದರಲ್ಲಿ ನಾನು ಪೆನ್ನು ಇಡುವುದಿಲ್ಲ, ಓದಿ ಏನಾದರೂ ಕೇಳುತ್ತೇನೆ ಅಷ್ಟೆ. ಆಮೇಲೆ ಅದನ್ನೇ ಬಲಗಡೆ ಯಾರೋ ದೂರದ ಊರಿನವರು ಓದುತ್ತಾರೆಂದುಕೊಂಡು ಬರೆಯಿರಿ. ಅದನ್ನು ನಾವಿಬ್ಬರೂ ಸೇರಿ ತಿದ್ದೋಣ. ಇದು ದೊಡ್ಡ ಶೋಧನೆಯೇನಲ್ಲ, ಎಲ್ಲ ಸಲ ಫಲಿಸುವುದೂ ಇಲ್ಲ. ಈಗ ಗೈಡಿನ ಜಾಗಕ್ಕೆ ಮೊಬೈಲು ಬಂದಿದೆ. ವಿಷಯ ಹೇಳಿದರೆ ಒಂದೂ ತಪ್ಪಿಲ್ಲದ ಪ್ರಬಂಧವನ್ನು ನಿಮಿಷದೊಳಗೆ ಬರೆದುಕೊಡುವ ಯಂತ್ರ ಅದರಲ್ಲಿದೆ. ತಪ್ಪಿಲ್ಲದಿರುವುದು ಇಷ್ಟು ಅಗ್ಗವಾದ ಮೇಲೆ ಅದಕ್ಕೇ ಎಂಟು ಅಂಕ ಕೊಡುತ್ತ ಕೂತರೆ ಮೇಷ್ಟರಿಗೆ ಕೆಲಸವೇನು? ಎಡಪುಟವನ್ನು ಮಾತ್ರ ಆ ಯಂತ್ರ ಮಕ್ಕಳ ಬದಲಿಗೆ ಬರೆಯಲಾರದು. ಅದಕ್ಕೆ ಅವರವರ ಮನೆ ಗೊತ್ತಿಲ್ಲ.

ಈ ವರ್ಷದ ಮೊದಲ ವಾರ ಒಬ್ಬ ಹುಡುಗಿ ತನ್ನ ಎಡಪುಟವನ್ನು ಎದ್ದು ನಿಂತು ಓದಿದಳು. "ನಮ್ಮವ್ವ ಗಾರ್ಮೆಂಟ್ಸಿಗೆ ಓಯ್ತಾಳೆ. ಅವಳ ಬಸ್ಸು ಬರೋದು ಆರೂವರೆಗೆ. ನಾನು ಏಳೋದು ಏಳಕ್ಕೆ. ಭಾನುವಾರ ಮಾತ್ರ ನಾವಿಬ್ರೂ ಒಟ್ಟಿಗೆ ಟೀ ಕುಡೀತೀವಿ." 'ಓಯ್ತಾಳೆ' ಎಂದದ್ದಕ್ಕೆ ಎರಡು ಮೂರು ಮಕ್ಕಳು ಕಿಸಕ್ಕೆಂದವು. ನಾನು ಆ ಕಡೆ ನೋಡಲಿಲ್ಲ. "ಭಾನುವಾರ ಟೀ ಯಾರು ಮಾಡುತ್ತೀರಿ?" ಎಂದು ಕೇಳಿದೆ. "ನಾನೇ ಸಾ. ಅವಳು ಮಲಗಿರ್ತಾಳೆ, ಎಬ್ಸಲ್ಲ. ಟೀ ಆದ್ಮೇಲೆ ಎಬ್ಸೋದು" ಎಂದಳು. ನಗುತ್ತಿದ್ದವರು ಸುಮ್ಮನಾದರು. ಅವರಲ್ಲಿ ಕೆಲವರ ಅವ್ವಂದಿರೂ ಅದೇ ಬಸ್ಸಿಗೆ ಹೋಗುವವರು.

ಬಲಪುಟ ಬರೆಯಲು ಕೂತವಳು ಸ್ವಲ್ಪ ಹೊತ್ತಿಗೆ ಪುಸ್ತಕ ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು.

"ಸಾ, ಇಲ್ಲಿ 'ಹೋಗುತ್ತಾರೆ' ಅಂತ ಬರೀಬೇಕಾ?"

"ನೀನೇ ಹೇಳು."

ಪೆನ್ನಿನ ತುದಿಯನ್ನು ಕಚ್ಚಿಕೊಂಡು ಯೋಚಿಸಿದಳು.

"'ಹೋಗುತ್ತಾಳೆ' ಅಂತ ಬರೀತೀನಿ ಸಾ. 'ಹ' ಹಾಕ್ತೀನಿ. 'ರೆ' ಹಾಕಲ್ಲ."

ಹಾಗೆಯೇ ಬರೆ ಎಂದೆ.